ಸಂತೆ ಗಿರಾಕಿ, ವರ್ತನೆ ಮನೆ

ಮೊನ್ನೆ ಆಫೀಸಿನ ಕ್ಯಾಂಟೀನಲ್ಲಿ ಹೊಸದಾಗಿ ಬ್ಲಾಗು ಶುರುಮಾಡಿರೋ ಹುಡುಗನೊಬ್ಬ ತಟ್ಟೆ ಹಿಡ್ಕೊಂಡು ಬಂದು ಎದುರಿಗೆ ಕೂತ. "ಅಣ್ಣಾ, ನೀವು ಹತ್ತು ವರ್ಷದಿಂದ ಬರೀತಿದ್ದೀರಂತೆ. ಹಿಟ್ಸ್ ಜಾಸ್ತಿ ಆಗೋಕೆ ಏನ್ಮಾಡ್ಬೇಕು?"

"ನಿನಗೆ ಹಿಟ್ಸ್ ಬೇಕೋ, ಓದೋರು ಬೇಕೋ?" ಅಂದೆ.

"ಎರಡೂ ಒಂದೇ ಅಲ್ವಾ?"

ಅಲ್ಲ. ಒಂದೇ ಅಂತ ನಾನೂ ನಂಬಿದ್ದೆ, ನಂಬಿ ಕೆಟ್ಟೆ. ಊಟದ ಬ್ರೇಕಿನ ಇಪ್ಪತ್ತು ನಿಮಿಷದಲ್ಲಿ ಅವನಿಗೆ ಅದನ್ನ ಸರಿಯಾಗಿ ಹೇಳೋಕಾಗಲಿಲ್ಲ. ಇಲ್ಲಿ ಹೇಳ್ತೀನಿ. ಅವನಿಗೆ ಇಷ್ಟ ಆಗಲ್ಲ ಅಂತ ಗೊತ್ತು.

ಆ ಹುಡುಗನ ಹತ್ತಿರ ಆಗಲೇ ಒಂದು ಪಟ್ಟಿ ಇತ್ತು. ಯಾರೋ ಪಂಡಿತರು ಕೊಟ್ಟಿದ್ದು. ದಿನಾ ಏನಾದರೂ ಹಾಕು. ತಲೆಬರಹದಲ್ಲಿ ಒಂದು ಸಂಖ್ಯೆ ಇರಲಿ, ಕೊನೆಯಲ್ಲಿ ಆಶ್ಚರ್ಯಸೂಚಕ ಇರಲಿ. ಜನ ಏನು ಹುಡುಕ್ತಿದ್ದಾರೋ ಅದನ್ನೇ ಬರಿ. ಇನ್ನೊಬ್ಬರ ಬರಹದ ಕೆಳಗೆ "ಸೂಪರ್, ನಮ್ಮ ಕಡೆಗೂ ಬನ್ನಿ" ಅಂತ ಬರೆದು ಬಾ. ಜಗಳ ಇದ್ದ ಕಡೆ ಒಂದು ಪಕ್ಷ ಹಿಡಿ. ಇವೆಲ್ಲ ಕೆಲಸಕ್ಕೆ ಬರಲ್ಲ ಅಂತ ನಾನು ಹೇಳ್ತಿಲ್ಲ. ಬರುತ್ತೆ, ತೊಂದರೆ ಇರೋದೇ ಅಲ್ಲಿ. ಜನ ಬರ್ತಾರೆ. ಸಂತೆಗೆ ಜನ ಬಂದ ಹಾಗೆ ಬರ್ತಾರೆ, ಸಂತೆ ಮುಗಿದ ಮೇಲೆ ಹೋದ ಹಾಗೆ ಹೋಗ್ತಾರೆ.

ನಮ್ಮೂರು ಕೋಲಾರದ ಹತ್ತಿರದ ಕ್ಯಾಲನೂರು. ನಮ್ಮವ್ವ, ಅಂದರೆ ನಮ್ಮಪ್ಪನ ತಾಯಿ, ಊರಲ್ಲಿ ಹದಿನೇಳು ಮನೆಗೆ ವರ್ತನೆ ಹೂವು ಕೊಡ್ತಿದ್ದಳು. ಬೆಂಗಳೂರಲ್ಲೇ ಹುಟ್ಟಿ ಬೆಳೆದವರಿಗೆ ಈ ಪದ ಗೊತ್ತಿರಲಿಕ್ಕಿಲ್ಲ. ದಿನಾ ತಪ್ಪದೆ ಹಾಲೋ ಹೂವೋ ಹಾಕಿಸಿಕೊಂಡು ತಿಂಗಳಿಗೊಂದು ಸಲ ದುಡ್ಡು ಕೊಡುವ ಮನೆ ವರ್ತನೆ ಮನೆ. ಅವ್ವನಿಗೆ ಓದು ಬರಹ ಬರ್ತಿರಲಿಲ್ಲ. ಅಡಿಗೆಮನೆ ಗೋಡೆ ಮೇಲೆ ಇದ್ದಿಲಲ್ಲಿ ಗೀಟು ಎಳೆದು ಲೆಕ್ಕ ಇಡ್ತಿದ್ದಳು. ಹಬ್ಬದ ಹಿಂದಿನ ದಿನ ಪೇಟೆಯಲ್ಲಿ ಹೂವಿನ ರೇಟು ಮೂರು ಪಟ್ಟು ಆಗ್ತಿತ್ತು. ನಮ್ಮಪ್ಪ "ಇವತ್ತೊಂದಿನ ಎಲ್ಲಾ ತಗೊಂಡೋಗಿ ಕೋಲಾರದಲ್ಲಿ ಮಾರೋಣಮ್ಮ" ಅಂತ ಗೋಗರೀತಿದ್ದರು. ಅವ್ವ ಒಪ್ತಿರಲಿಲ್ಲ. ಹದಿನೇಳು ಮನೆಗೆ ಮೊದಲು, ಹಳೇ ರೇಟಿಗೆ. ಮಿಕ್ಕಿದ್ದು ಪೇಟೆಗೆ. ಮಳೆಗೆ ಹೂವು ಕೊಳೆತ ದಿನ ಅರ್ಧ ಮೊಳ ಕೊಟ್ಟು, "ಇವತ್ತು ಇಷ್ಟೇ ಕಣಮ್ಮ, ಗೀಟೂ ಅರ್ಧನೇ ಹಾಕ್ಕೊಂಡೀನಿ" ಅಂತ ಬಾಯಿಬಿಟ್ಟು ಹೇಳಿ ಬರ್ತಿದ್ದಳು.

ಓದುಗರನ್ನ ಉಳಿಸಿಕೊಳ್ಳೋದರ ಬಗ್ಗೆ ನಾನು ಆಮೇಲೆ ಓದಿದ ಎಲ್ಲ ಉಪದೇಶದಲ್ಲೂ ಇದಕ್ಕಿಂತ ಹೆಚ್ಚಿನದು ಇರಲಿಲ್ಲ. ಆದರೆ ನಾನು ಬಿಇ ಓದಿದವನು. ಇದ್ದಿಲ ಗೀಟಿನಿಂದ ಕಲಿಯೋಕೆ ನನಗೇನಿದೆ?

ಬರೆಯೋಕೆ ಶುರುಮಾಡಿ ಎರಡು ಮೂರು ವರ್ಷ ಆಗಿತ್ತು. ದಿನಕ್ಕೆ ನಲವತ್ತು ಐವತ್ತು ಜನ ಓದ್ತಿದ್ದರು. ಅದರಲ್ಲಿ ಅರ್ಧ ನನ್ನ ಜೊತೆ ಓದಿದವರು. ಒಂದು ಸಲ ಟೊಮೆಟೊ ರೇಟು ಬಿದ್ದಾಗ ಊರಿಗೆ ಹೋಗಿದ್ದೆ. ನಮ್ಮ ಪಕ್ಕದ ಹೊಲದ ದೊಡ್ಡಪ್ಪ (ರಕ್ತ ಸಂಬಂಧ ಅಲ್ಲ, ಊರಿನ ವರಸೆ) ರಸ್ತೆ ಪಕ್ಕ ಹಣ್ಣು ಸುರೀತಿದ್ದ. ಫೋನು ತೆಗೆದು ಫೋಟೋ ಹೊಡೆದೆ. ಅವತ್ತು ರಾತ್ರಿನೇ ಬರೆದು ಹಾಕಿದೆ. ತಲೆಬರಹ: "ಈ ರೈತ ಮಾಡಿದ್ದನ್ನು ನೋಡಿದರೆ ನಿಮ್ಮ ಕಣ್ಣಲ್ಲಿ ನೀರು ಬರುತ್ತೆ!" ಇಡೀ ಬೆಳೆ ಬೀದಿಪಾಲು, ಸಾಲದಲ್ಲಿ ಮುಳುಗಿದ ಕುಟುಂಬ, ಇತ್ಯಾದಿ ಇತ್ಯಾದಿ.

ನಿಜ ಏನಂದ್ರೆ ಅವನು ಸುರಿದಿದ್ದು ಚುಕ್ಕೆ ಬಿದ್ದ ಹನ್ನೆರಡು ಬಾಕ್ಸು. ಮಿಕ್ಕಿದ್ದು ಬೆಳಿಗ್ಗೆನೇ ಕೋಲಾರದ ಮಂಡಿಗೆ ಹೋಗಿತ್ತು. ನಷ್ಟ ಆಗಿತ್ತು, ಬೀದಿಗೆ ಬಿದ್ದಿರಲಿಲ್ಲ. ನಾನು ಕೇಳಿದ್ದಿದ್ದರೆ ಹೇಳ್ತಿದ್ದ. ನಾನು ಕೇಳಲಿಲ್ಲ. ಕೇಳಿದ್ದರೆ ಆ ತಲೆಬರಹ ಸಿಕ್ತಿರಲಿಲ್ಲ.

ಮೂರು ದಿನದಲ್ಲಿ ಮೂವತ್ತೊಂದು ಸಾವಿರ ಜನ ಬಂದರು. ಕೆಲಸ ಬಿಟ್ಟು ಗ್ರಾಫು ನೋಡ್ತಾ ಕೂತಿದ್ದೆ. ಹದಿನೈದು ದಿನ ಬಿಟ್ಟು ಊರಿಗೆ ಹೋದಾಗ ದೊಡ್ಡಪ್ಪ ಜಗಲಿ ಮೇಲೆ ಕೂತಿದ್ದ. ಬೈಯಲಿಲ್ಲ. "ನನ್ ಮಾನ ತಗೊಂಡೋಗಿ ಬೆಂಗ್ಳೂರಾಗೆ ಮಾರ್ದೆ ಅಲ್ಲೇನಪ್ಪಾ, ಎಷ್ಟಕ್ಕೋಯ್ತು ಬಾಕ್ಸು?" ಅಂದ.

ಆಮೇಲೆ ಅಮ್ಮ ಹೇಳಿದಳು. ಅವನು ಗೊಬ್ಬರ, ಔಷಧಿ ಸಾಲಕ್ಕೆ ತರ್ತಿದ್ದ ಅಂಗಡಿಯವರ ಫೋನಿಗೂ ನನ್ನ ಬರಹ ಹೋಗಿತ್ತು. ಬೆಳೆ ಬಂದಾಗ ತೀರಿಸೋದು, ಮುಂದಿನ ಬೆಳೆಗೆ ಮತ್ತೆ ತರೋದು, ಹೀಗೇ ಎಷ್ಟೋ ವರ್ಷದಿಂದ ನಡೆದಿತ್ತು. ಇವನು ಮುಳುಗಿದ ಅಂತ ಓದಿದ ಮೇಲೆ ಬಾಕಿ ಪೂರ್ತಿ ಈಗಲೇ ಕಟ್ಟು ಅಂತ ಬಂದು ಕೂತರಂತೆ. ಒಂದು ಹಸು ಮಾರಿ ಕಟ್ಟಿದ. ಅವನ ನಂಬಿಕೆ ಕಿತ್ತುಹೋಗಿದ್ದು ಟೊಮೆಟೊ ರೇಟಿನಿಂದ ಅಲ್ಲ, ನನ್ನ ತಲೆಬರಹದಿಂದ.

ಆ ಮೂವತ್ತೊಂದು ಸಾವಿರ ಜನದಲ್ಲಿ ಮುಂದಿನ ವಾರದ ಬರಹ ಓದೋಕೆ ವಾಪಸ್ ಬಂದವರೆಷ್ಟು? ಲೆಕ್ಕ ತೆಗೆದೆ. ಅದೇ ನಲವತ್ತು ಐವತ್ತು. ನಾಲ್ಕು ಕಮ್ಮಿನೇ ಇತ್ತು. ದಿನಾ ಓದ್ತಿದ್ದ ಒಬ್ಬ ಮೇಷ್ಟ್ರು "ನಿಮ್ಮ ಬರಹ ಈಗ ಎಲ್ಲರ ಹಾಗೇ ಇದೆ" ಅಂತ ಒಂದು ಸಾಲು ಬರೆದು ನಿಲ್ಲಿಸಿಬಿಟ್ಟರು. ಹಬ್ಬದ ದಿನ ಪೇಟೆ ರೇಟಿಗೆ ಆಸೆಪಟ್ಟು ವರ್ತನೆ ಮನೆಗೆ ಹೂವು ತಪ್ಪಿಸಿದ್ದೆ.

ಇದನ್ನ ಬರೀ ನೀತಿಪಾಠ ಅಂತ ತಗೋಬೇಡಿ. ಲಾಭ ನಷ್ಟದ ಲೆಕ್ಕದಲ್ಲೂ ಹಿಟ್ಸ್ ಹಿಂದೆ ಓಡೋದು ದಡ್ಡತನ. ಆ ಜನ ನಿಮ್ಮ ಜನ ಅಲ್ಲ. ಅವರನ್ನ ಕಳಿಸುವ ಕಂಪನಿಯ ಜನ. ಹುಡುಕಾಟಕ್ಕೆ ಸಿಗಲಿ ಅಂತಲೇ ತೆಳು ಬರಹಗಳನ್ನ ರಾಶಿ ಹಾಕಿದ್ದ ಸೈಟುಗಳನ್ನ 2011ರ ಫೆಬ್ರವರಿಯಲ್ಲಿ ಗೂಗಲ್ ತನ್ನ "ಪಾಂಡಾ" ಬದಲಾವಣೆಯಿಂದ ಕೆಳಕ್ಕೆ ತಳ್ಳಿತು. 2013ರ ಜುಲೈ 1ಕ್ಕೆ ಗೂಗಲ್ ರೀಡರ್ ಮುಚ್ಚಿತು. ಅದರಲ್ಲಿ ನಮ್ಮನ್ನ ಸೇರಿಸಿಕೊಂಡು ಓದ್ತಿದ್ದವರು ಎಷ್ಟೋ ಜನ ಅಲ್ಲೇ ಕಳೆದುಹೋದರು. 2018ರ ಜನವರಿಯಲ್ಲಿ ಫೇಸ್‌ಬುಕ್ಕು, ಇನ್ಮೇಲೆ ಪೇಜುಗಳಿಗಿಂತ ಮನೆಯವರು ಸ್ನೇಹಿತರು ಹಾಕಿದ್ದನ್ನೇ ಮುಂದೆ ತೋರಿಸ್ತೀವಿ ಅಂತು. ಪೇಜು ನಂಬಿಕೊಂಡಿದ್ದವರ ಅಂಗಡಿ ತಣ್ಣಗಾಯ್ತು. ನಾವು ಇಂಜಿನಿಯರುಗಳಿಗೆ ಇದು ಬೇಗ ಅರ್ಥ ಆಗಬೇಕಿತ್ತು. ಇಂಥ ಬದಲಾವಣೆಗಳನ್ನ ಕೋಡು ಮಾಡಿ ಬಿಡುಗಡೆ ಮಾಡೋರು ನಾವೇ ತಾನೇ? ಇನ್ನೊಬ್ಬರ ಜಮೀನಲ್ಲಿ ತೆಂಗಿನ ಸಸಿ ನೆಟ್ಟು ಕಾಯಿಗೆ ಕಾಯೋ ಕೆಲಸ ಇದು.

ಇದಕ್ಕೆ ಉತ್ತರ ನಮ್ಮ ಹಿಂದಿನವರಿಗೆ ಗೊತ್ತಿತ್ತು. ಗಳಗನಾಥರು ಕಾದಂಬರಿ ಬರೆದು ಮನೇಲಿ ಕೂರಲಿಲ್ಲ. ಪುಸ್ತಕದ ಗಂಟು ತಲೆ ಮೇಲೆ ಹೊತ್ತು ಊರೂರು ಸುತ್ತಿ ಮಾರಿದರು. ಮನೆಬಾಗಿಲಿಗೆ ಹೋಗಿ ಪುಸ್ತಕ ಕೊಟ್ಟವನಿಗೆ ಓದುಗನ ಮುಖ ಗೊತ್ತಿರುತ್ತೆ. 1980ರಲ್ಲಿ ಶುರುವಾದ ಲಂಕೇಶ್ ಪತ್ರಿಕೆ ಜಾಹೀರಾತನ್ನೇ ತಗೊಳ್ಳಲಿಲ್ಲ. ವಾರವಾರ ಓದುಗ ಜೇಬಿಂದ ತೆಗೆದುಕೊಟ್ಟ ಕಾಸಲ್ಲೇ ನಡೀತು. ಅದರಲ್ಲಿ ಖಾರ ಇರಲಿಲ್ಲ ಅಂತ ಯಾರೂ ಹೇಳಲ್ಲ. ಆದರೆ ಅದು ಯಾರಿಗೆ ಉತ್ತರ ಕೊಡಬೇಕಿತ್ತು ಅನ್ನೋದರಲ್ಲಿ ಗೊಂದಲ ಇರಲಿಲ್ಲ.

ನಮ್ಮ ಜಿಲ್ಲೆಯವರನ್ನೇ ನೋಡಿ. ಮಾಲೂರು ತಾಲ್ಲೂಕಿನ ಮಾಸ್ತಿಯವರು ಸರ್ಕಾರದ ದೊಡ್ಡ ಹುದ್ದೆಯಲ್ಲಿದ್ದವರು. ಕೆಲಸಕ್ಕೆ ರಾಜೀನಾಮೆ ಕೊಟ್ಟ ಮೇಲೆ "ಜೀವನ" ಪತ್ರಿಕೆಯನ್ನ ವರ್ಷಗಟ್ಟಲೆ ನಡೆಸಿದರು. ಅವರ ಸಣ್ಣಕತೆಗಳನ್ನ ಓದಿದರೆ ಪಕ್ಕದಲ್ಲಿ ಕೂತು ಯಾರೋ ಮಾತಾಡಿದ ಹಾಗಿರುತ್ತೆ. ಕತೆ ಹೇಳೋನು ನಡುನಡುವೆ ಓದೋನ ಕಡೆ ತಿರುಗಿ ಒಂದು ಮಾತು ಆಡ್ತಾನೆ, ಆಮೇಲೆ ಮುಂದಕ್ಕೆ ಹೋಗ್ತಾನೆ. ಕೂಗಾಟ ಇಲ್ಲ. ಎದುರಿಗೆ ಕೂತೋನಿಗೆ ಯಾರೂ ಕೂಗಿ ಹೇಳಲ್ಲ. 1983ರ ಜ್ಞಾನಪೀಠ ಬಂದಾಗ ಅವರಿಗೆ ತೊಂಬತ್ತು ದಾಟಿತ್ತು. ಅಲ್ಲಿವರೆಗೆ ಓದುಗರು ಅವರನ್ನ ಬಿಡಲಿಲ್ಲ. ಅವರೂ ಓದುಗರನ್ನ ಬಿಡಲಿಲ್ಲ.

ಇಷ್ಟು ಹೇಳಿದ ತಕ್ಷಣ ಇನ್ನೊಂದು ಗುಂಪು ತಲೆಯಾಡಿಸುತ್ತೆ. "ಕರೆಕ್ಟು, ಅದಕ್ಕೇ ನಾವು ಓದುಗರ ಬಗ್ಗೆ ತಲೆನೇ ಕೆಡಿಸ್ಕೊಳ್ಳಲ್ಲ, ನಮಗೋಸ್ಕರ ಬರೀತೀವಿ." ಸ್ವಾಮಿ, ನಿಮಗೋಸ್ಕರ ಬರೆಯೋದಾದರೆ ಡೈರಿ ಇದೆ, ಬೀರು ಇದೆ, ಬೀಗ ಇದೆ. ಎಲ್ಲರಿಗೂ ಕಾಣುವ ಹಾಗೆ ಹಾಕಿ, ಅರ್ಧ ಗಂಟೆಗೊಂದು ಸಲ ಫೋನು ನೋಡ್ಕೊಂಡು, ಯಾರೂ ಬರದಿದ್ದಾಗ "ಕನ್ನಡದಲ್ಲಿ ಓದುವವರೇ ಇಲ್ಲ" ಅನ್ನೋದು ಯಾವ ವೇದಾಂತ? 2011ರ ಜನಗಣತಿಯಲ್ಲಿ ಕನ್ನಡ ಮಾತೃಭಾಷೆ ಅಂತ ಬರೆಸಿದವರು 4.37 ಕೋಟಿ. ಕೋಲಾರದಲ್ಲಿ ಮನೇಲಿ ತೆಲುಗು ಆಡಿ ಶಾಲೇಲಿ ಕನ್ನಡ ಓದಿದ ನಮ್ಮಂಥವರು ಈ ಲೆಕ್ಕದ ಆಚೆ. ಅಷ್ಟರಲ್ಲಿ ನಿಮಗೆ ಇನ್ನೂರು ಜನ ಸಿಗಲಿಲ್ಲ ಅಂದ್ರೆ ತಪ್ಪು ಕನ್ನಡದ್ದಲ್ಲ. ಓದೋನ ಸಮಯಕ್ಕೆ ಬೆಲೆ ಕೊಡದೆ ಇರೋದು ಒಂದು ಥರದ ಜಂಭ. ಹಿಟ್ಸ್ ಹುಚ್ಚಿನವನು ಓದುಗನನ್ನ ತಲೆ ಎಣಿಕೆ ಮಾಡ್ತಾನೆ. ಇವನು ಅಷ್ಟೂ ಮಾಡಲ್ಲ.

ಹಾಗಾದ್ರೆ ಏನ್ಮಾಡ್ಬೇಕು? ಕ್ಯಾಂಟೀನಿನ ಹುಡುಗನಿಗೆ ನಾನು ಹೇಳೋದು ಇಷ್ಟು.

ಒಂದು ದಿನ ಗೊತ್ತುಮಾಡಿಕೋ. ಭಾನುವಾರ ಅಂದ್ರೆ ಭಾನುವಾರ. ದಿನಾ ಬರೆದು ಮೂರು ತಿಂಗಳಿಗೆ ಸುಸ್ತಾಗೋದಕ್ಕಿಂತ ವಾರಕ್ಕೊಂದು ಮೂರು ವರ್ಷ ಬರೆಯೋದು ಮೇಲು. ಜನಕ್ಕೆ ಅಭ್ಯಾಸ ಆಗೋದು ಹೂವಿನ ಚೆಂದಕ್ಕಲ್ಲ, ಬರೋ ಹೊತ್ತಿಗೆ.

ನಿನಗೆ ಗೊತ್ತಿದ್ದು, ಬೇರೆಯವರಿಗೆ ಸುಲಭಕ್ಕೆ ಸಿಗದ್ದು ಬರಿ. ಹೊಸ ಫೋನಿನ ವಿಮರ್ಶೆ ಸಾವಿರ ಕಡೆ ಸಿಗುತ್ತೆ. ನಿಮ್ಮೂರ ಕೆರೆಗೆ ನೀರು ಬಂದು ಹೋದ ಕತೆ, ನಿನ್ನ ಮೊದಲ ಆನ್‌ಸೈಟಲ್ಲಿ ಪಟ್ಟ ಪಾಡು, ರಾತ್ರಿ ಎರಡು ಗಂಟೆಗೆ ಸರ್ವರ್ ಬಿದ್ದಾಗ ಕೈ ನಡುಗಿದ್ದು, ಅದು ನಿನ್ನ ಹತ್ತಿರವೇ ಇರೋದು.

ತಪ್ಪಾದರೆ ಮೇಲುಗಡೆನೇ ತಿದ್ದುಪಡಿ ಹಾಕು. ಸದ್ದಿಲ್ಲದೆ ಅಳಿಸಬೇಡ. ಹೇಳೋಕೇನೂ ಇಲ್ಲದ ವಾರ "ಈ ವಾರ ಇಷ್ಟೇ" ಅಂತ ನಾಲ್ಕು ಸಾಲು ಬರಿ. ಅರ್ಧ ಮೊಳಕ್ಕೆ ಅರ್ಧ ಗೀಟು.

ಪತ್ರ ಬರೆದವರಿಗೆ ಉತ್ತರ ಕೊಡು. ಇಮೇಲ್ ಪಟ್ಟಿ ನಿನ್ನ ಹತ್ತಿರವೇ ಇಟ್ಟುಕೋ. ಯಾವ ಕಂಪನಿ ಮುಚ್ಚಿದರೂ ನಿನ್ನ ಹದಿನೇಳು ಮನೆ ವಿಳಾಸ ನಿನ್ನ ಗೋಡೆ ಮೇಲೆ ಇರಬೇಕು. ಪಟ್ಟಿಯಿಂದ ಹೋಗ್ತೀನಿ ಅಂದವರನ್ನ ಒಂದೇ ಕ್ಲಿಕ್ಕಿಗೆ ಹೋಗೋಕೆ ಬಿಡು. ಬಾಗಿಲು ಹಾಕಿಕೊಂಡು ಕೂರಿಸಿದವರು ಓದುಗರಲ್ಲ.

ಕೊನೇದಾಗಿ, ಯಾರ ಬಗ್ಗೆ ಬರೀತೀಯೋ ಅವರೂ ಓದ್ತಾರೆ ಅಂದುಕೊಂಡೇ ಬರಿ. ಹಳ್ಳಿ ಬಗ್ಗೆ ಬರೆಯೋ ನಮ್ಮಂಥವರು ಇದನ್ನ ಬೇಗ ಮರೀತೀವಿ. ಹಳ್ಳಿಯವರನ್ನ ನಗರದವರಿಗೆ ತೋರಿಸ್ತಿದ್ದೀವಿ ಅಂದ್ಕೋತೀವಿ. ಹಳ್ಳಿಯವರ ಕೈಯಲ್ಲೂ ಫೋನಿದೆ ಮಾರಾಯಾ.

ಇದರಿಂದ ಮೂವತ್ತೊಂದು ಸಾವಿರ ಆಗಲ್ಲ. ನನಗೆ ಈಗ ಭಾನುವಾರಕ್ಕೆ ಇನ್ನೂರು ಚಿಲ್ಲರೆ ಜನ. ಹತ್ತು ವರ್ಷದಲ್ಲಿ ಇನ್ನೂರಾ ಅಂತ ಕ್ಯಾಂಟೀನಿನ ಹುಡುಗ ನಕ್ಕ. ನಗಲಿ. ಈ ಇನ್ನೂರರಲ್ಲಿ ಯಾರಾದರೂ ಒಂದು ತಿಂಗಳು ಕಾಣದಿದ್ದರೆ ನನಗೆ ಗೊತ್ತಾಗುತ್ತೆ. ನಾನು ಎರಡು ವಾರ ಬರೆಯದಿದ್ದರೆ ಅವರು "ಹುಷಾರಾಗಿದ್ದೀರಾ?" ಅಂತ ಕೇಳ್ತಾರೆ.

ದೊಡ್ಡಪ್ಪನ ವಿಷಯ ಬಾಕಿ ಇದೆ. ಆ ಬರಹದ ಮೇಲೆ ತಪ್ಪಾಯ್ತು ಅಂತ ಬರೆದೆ, ಫೋಟೋ ತೆಗೆದೆ. ಹಸು ವಾಪಸ್ ಬರಲಿಲ್ಲ. ಮುಂದಿನ ವರ್ಷ ಅವನ ಜೊತೆ ಎರಡು ದಿನ ಕೂತು ಒಂದು ಎಕರೆ ಟೊಮೆಟೊ ಲೆಕ್ಕ ಬರೆದೆ. ಸಸಿ, ಕಡ್ಡಿ, ದಾರ, ಗೊಬ್ಬರ, ಔಷಧಿ, ಬಿಡಿಸೋ ಕೂಲಿ, ಗಾಡಿ ಬಾಡಿಗೆ, ಮಂಡಿ ಕಮಿಷನ್ನು, ಹದಿನೈದು ಕೆಜಿ ಬಾಕ್ಸಿಗೆ ಎಷ್ಟು ಸಿಕ್ಕಿದರೆ ಅಸಲು ಹುಟ್ಟುತ್ತೆ ಅನ್ನೋವರೆಗೆ. ಹೆಸರು ಹಾಕಲಿಲ್ಲ. ಹಾಕೋ ಮುಂಚೆ ಓದಿ ಹೇಳಿದೆ. ಆಶ್ಚರ್ಯಸೂಚಕ ಒಂದೂ ಇರಲಿಲ್ಲ. ಓದಿದವರು ಇನ್ನೂರ ಹನ್ನೆರಡು ಜನ.

ಸೋಮವಾರ ಬೆಳಿಗ್ಗೆ ಸ್ಟ್ಯಾಂಡಪ್ ಮೀಟಿಂಗಲ್ಲಿದ್ದಾಗ ಫೋನು ಬಂತು. ಮಗಳ ಫೋನಲ್ಲಿ ಇನ್ನೊಂದು ಸಲ ಓದಿಸಿಕೊಂಡಿದ್ದನಂತೆ. "ಲೇ, ಔಷಧಿ ಖರ್ಚು ಒಂದು ಸಲದ್ದು ಬಿಟ್ಟಿದ್ದೀಯ. ಸರಿಮಾಡಿ ಆಕು."

ಮೀಟಿಂಗಿಂದ ಎದ್ದು ಹೋಗಿ ಸರಿಮಾಡಿದೆ.