ಅನಿಲ ತುಂಬಿಸುವ ಮುನ್ನ ಸೋರಿಕೆ ಹುಡುಕಬೇಕು

ಮಲೆನಾಡಿನ ತಂಪಿನಲ್ಲಿ ಕಾರಿನ ಏಸಿಯ ನೆನಪು ಯಾರಿಗೂ ಬಾರದು. ಸುಮಾರು 1,150 ಮೀಟರ್ ಎತ್ತರದ ಮಡಿಕೇರಿಯಿಂದಿಳಿದು, ಹುಣಸೂರು ದಾಟಿ, ಏಪ್ರಿಲ್ ಮಧ್ಯಾಹ್ನ ಮೈಸೂರು ಹೊಕ್ಕಾಗ ಗುಂಡಿ ಒತ್ತಿದರೆ ಬೀಸುವುದು ಬೆಚ್ಚನೆಯ ಗಾಳಿ. ಅದಕ್ಕೆ ಸಿದ್ಧ ಉತ್ತರವೊಂದಿದೆ: 'ಗ್ಯಾಸ್ ಖಾಲಿಯಾಗಿದೆ, ತುಂಬಿಸಿದರಾಯಿತು.'

ಈ ಉತ್ತರದಲ್ಲೇ ದೋಷವಿದೆ. ಶೈತ್ಯಕಾರಕ ಅನಿಲವು ಪೆಟ್ರೋಲಿನಂತೆ ಉರಿದು ಮುಗಿಯುವ ವಸ್ತುವಲ್ಲ. ಕಂಪ್ರೆಸರ್, ಕಂಡೆನ್ಸರ್, ಇವಾಪೊರೇಟರ್‌ಗಳ ಮುಚ್ಚಿದ ವರ್ತುಲದಲ್ಲಿ ಅದು ದ್ರವವಾಗಿ, ಮತ್ತೆ ಆವಿಯಾಗಿ ಸುತ್ತುತ್ತಿರುತ್ತದೆ. ತಂಪೇ ಬಾರದಷ್ಟು ಅದು ಕಡಿಮೆಯಾಗಿದ್ದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ತೂತು ಮುಚ್ಚದೆ ತುಂಬಿಸುವುದು ಒಡೆದ ಕೊಡಕ್ಕೆ ನೀರು ಹೊಯ್ದಂತೆ.

ಬೆಚ್ಚನೆಯ ಗಾಳಿಗೆ ಅನಿಲದ ಕೊರತೆಯೊಂದೇ ಕಾರಣವೂ ಅಲ್ಲ. ಕಾರು ಓಡುವಾಗ ತಂಪಾಗಿದ್ದು, ಸಿಗ್ನಲ್‌ನಲ್ಲಿ ನಿಂತಾಗ ಬಿಸಿಯಾದರೆ ಕಂಡೆನ್ಸರಿನ ಫ್ಯಾನ್ ತಿರುಗುತ್ತಿದೆಯೇ ಎಂದು ನೋಡಬೇಕು. ಕಂಡೆನ್ಸರಿನ ರೆಕ್ಕೆಗಳಿಗೆ ಕೆಸರು, ಕೀಟಗಳು ಮೆತ್ತಿಕೊಂಡರೂ ಶಾಖ ಹೊರಹೋಗದು. ಗಾಳಿಯ ವೇಗವೇ ಕುಗ್ಗಿದ್ದರೆ ಕ್ಯಾಬಿನ್ ಫಿಲ್ಟರ್ ಕಟ್ಟಿರಬಹುದು. ಕಂಪ್ರೆಸರಿನ ಕ್ಲಚ್ ಹಿಡಿಯದಿದ್ದರೆ ಫ್ಯೂಸ್, ರಿಲೇಗಳ ಪರೀಕ್ಷೆ ಮೊದಲಾಗಬೇಕು. ಪೈಪಿನ ಸಂದುಗಳಲ್ಲಿ ಎಣ್ಣೆಯ ಜಿಡ್ಡು ಕಂಡರೆ ಮಾತ್ರ ಸೋರಿಕೆಯ ಅನುಮಾನ ಬಲವಾಗುತ್ತದೆ. ತಿಂಗಳುಗಟ್ಟಲೆ ಏಸಿ ಹಾಕದ ಬೆಟ್ಟದ ಕಾರುಗಳಲ್ಲಿ ಸೀಲುಗಳು ಒಣಗುವುದುಂಟು. ಮಳೆಗಾಲದಲ್ಲೂ ವಾರಕ್ಕೊಮ್ಮೆ ಹತ್ತು ನಿಮಿಷ ಏಸಿ ಓಡಿಸಿದರೆ ಎಣ್ಣೆ ಹರಿದು ಸೀಲುಗಳು ಹಸಿಯಾಗಿ ಉಳಿಯುತ್ತವೆ.

ಸೋರಿದ ಅನಿಲ ಹೋಗುವುದಾದರೂ ಎಲ್ಲಿಗೆ? ಹಿಂದೆ ಕಾರುಗಳಲ್ಲಿದ್ದ ಆರ್-12 ಓಜೋನ್ ಪದರವನ್ನು ಸವೆಸುವ ಗುಂಪಿಗೆ ಸೇರಿತ್ತು. ಅಂಥ ಅನಿಲಗಳ ಅಪಾಯವನ್ನು ಮೊಲಿನಾ ಮತ್ತು ರೋಲೆಂಡ್ 1974ರಲ್ಲಿ ತೋರಿಸಿಕೊಟ್ಟರು. 1987ರ ಮಾಂಟ್ರಿಯಲ್ ಒಪ್ಪಂದ ಅವುಗಳಿಗೆ ಕಡಿವಾಣ ಹಾಕಿತು. ಬದಲಿಗೆ ಬಂದ ಆರ್-134ಎ ಓಜೋನಿಗೆ ಹಾನಿ ಮಾಡದು. ಆದರೆ ನೂರು ವರ್ಷಗಳ ಲೆಕ್ಕದಲ್ಲಿ ಭೂಮಿಯನ್ನು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 1,400 ಪಟ್ಟು ಹೆಚ್ಚು ಬಿಸಿಮಾಡಬಲ್ಲದು. ಅರ್ಧ ಕಿಲೋ ಸೋರಿದರೆ ಸುಮಾರು 300 ಲೀಟರ್ ಪೆಟ್ರೋಲ್ ಸುಟ್ಟಷ್ಟೇ ಭಾರ ಆಕಾಶಕ್ಕೆ ಬೀಳುತ್ತದೆ. ಈ ಗುಂಪಿನ ಅನಿಲಗಳನ್ನು ತಗ್ಗಿಸುವ 2016ರ ಕಿಗಾಲಿ ತಿದ್ದುಪಡಿಯನ್ನು ಭಾರತ 2021ರಲ್ಲಿ ಅನುಮೋದಿಸಿತು. ಆದರೆ ಭಾರತದ ಪಾಲಿನ ಇಳಿಕೆ ಆರಂಭವಾಗುವುದು 2032ರಲ್ಲಿ. ಅಲ್ಲಿಯವರೆಗೆ ಕಾಯುತ್ತ ಕೂರಬೇಕೆ?

ಒಂದು ಕಾರಿನಿಂದೇನಾದೀತು ಎಂಬ ಮಾತು ಕೇಳಿಬರುತ್ತದೆ. ಪ್ರತಿ ಬೇಸಿಗೆಯಲ್ಲೂ ಮತ್ತೆ ಮತ್ತೆ ತುಂಬಿಸಿಕೊಳ್ಳುವ ಕಾರುಗಳು ಒಂದೆರಡಲ್ಲ. ಹೂಮಳೆಯ ಲೆಕ್ಕ ತಪ್ಪಿತೆಂದು ಕೊರಗುವ ಕಾಫಿ ಬೆಳೆಗಾರನ ಕಾರೂ ಆ ಸಾಲಿನಲ್ಲಿರುತ್ತದೆ.

ಆದ್ದರಿಂದ ಗ್ಯಾರೇಜಿನಲ್ಲಿ ಮೂರು ಪ್ರಶ್ನೆಗಳನ್ನು ಕೇಳಲೇಬೇಕು. ಉಳಿದ ಅನಿಲವನ್ನು ಗಾಳಿಗೆ ಬಿಡದೆ ಯಂತ್ರದಿಂದ ಹಿಂಪಡೆಯುತ್ತೀರಾ? ನೈಟ್ರೋಜನ್ ಒತ್ತಡದಿಂದಲೋ ಹೊಳೆಯುವ ಬಣ್ಣದಿಂದಲೋ ಸೋರಿಕೆ ಪತ್ತೆಮಾಡುತ್ತೀರಾ? ವ್ಯಾಕ್ಯೂಮ್ ಮಾಡಿ, ಬಾನೆಟ್ಟಿನಡಿಯ ಚೀಟಿಯಲ್ಲಿರುವಷ್ಟೇ ತೂಗಿ ತುಂಬಿಸುತ್ತೀರಾ? ಒತ್ತಡದ ಪೈಪುಗಳನ್ನು ಸ್ವತಃ ಬಿಚ್ಚುವುದು ಅಪಾಯಕರ.

ಯಂತ್ರಕ್ಕೂ ಶ್ರಮಕ್ಕೂ ಬೆಲೆಯಿದೆ. ಅದನ್ನು ಮೆಕ್ಯಾನಿಕ್ ಒಬ್ಬನ ತಲೆಗೆ ಕಟ್ಟುವುದು ನ್ಯಾಯವಲ್ಲ. ಸರಿಯಾದ ದುರಸ್ತಿಗೆ ಹಣ ಕೊಡಲು ಮಾಲೀಕ ಸಿದ್ಧನಾದರೆ ಮಾತ್ರ ಅಗ್ಗದ ತಪ್ಪು ನಿಲ್ಲುತ್ತದೆ.