ತಾನಾಗಿ ಎಚ್ಚರಗೊಳ್ಳುವ ಆಂಪ್ಲಿಫೈಯರ್

ಮನೆಯಲ್ಲಿಯೇ ಕಟ್ಟಿದ ಸಬ್‌ವೂಫರಿನ ಆಂಪ್ಲಿಫೈಯರನ್ನು ಹೋಮ್ ಥಿಯೇಟರ್ ರಿಸೀವರಿನೊಡನೆ ತಾನಾಗಿ ಚಾಲೂ ಮಾಡುವ ಬಗೆಯನ್ನು ಕೆಲವರು ಕೇಳುವುದುಂಟು. ಅನೇಕ ರಿಸೀವರುಗಳ ಹಿಂಬದಿಯಲ್ಲಿ 12 ವೋಲ್ಟಿನ ಟ್ರಿಗರ್ ಸಾಕೆಟ್ಟಿರುವುದು. ರಿಸೀವರು ಎಚ್ಚತ್ತೊಡನೆ ಅಲ್ಲಿ ವಿದ್ಯುತ್ತು ತೋರುವುದು. ಅದರಿಂದ ರಿಲೇಯ ಸುರುಳಿಯನ್ನು ಪ್ರೇರಿಸಿ, ಆಂಪ್ಲಿಫೈಯರಿಗೆ ಹೋಗುವ 230 ವೋಲ್ಟಿನ ಫೇಸ್ ತಂತಿಯನ್ನು ರಿಲೇಯ ಮೂಲಕ ಕೂಡಿಸತಕ್ಕದ್ದು. ಸುರುಳಿಯ ರೋಧವು 400 ಓಮ್ ಇದ್ದರೆ ಅದು ಎಳೆಯುವುದು 30 ಮಿಲಿಆಂಪಿಯರ್ ಮಾತ್ರ. ಆದರೂ ಕೈಪಿಡಿಯಲ್ಲಿ ಹೇಳಿದ ಮಿತಿಯನ್ನು ಮೊದಲು ನೋಡಬೇಕು. ಸುರುಳಿಗೆ ಅಡ್ಡಲಾಗಿ ವಿಲೋಮವಾಗಿ ಡಯೋಡೊಂದನ್ನು ಜೋಡಿಸದಿದ್ದರೆ, ರಿಲೇ ಬಿಡುವ ಕ್ಷಣದಲ್ಲಿ ಹುಟ್ಟುವ ಅಧಿಕ ವೋಲ್ಟೇಜು ರಿಸೀವರಿಗೇ ಕೇಡು ತಂದೀತು.

ಯಂತ್ರಕ್ಕಿಂತ ಪ್ರಾಣವು ದೊಡ್ಡದಷ್ಟೆ. ಅರ್ತ್ ತಂತಿಯನ್ನು ಎಂದಿಗೂ ಕಡಿಯಬಾರದು. ರಿಲೇಯನ್ನು ಮುಚ್ಚಿದ ಪೆಟ್ಟಿಗೆಯಲ್ಲಿಡಬೇಕು. ಕೈ ನಡುಗುವವರು ಬಲ್ಲ ಎಲೆಕ್ಟ್ರಿಶಿಯನ್ನನನ್ನು ಕರೆಯಲಿ. ಧ್ವನಿಯನ್ನರಿತು ತಾವೇ ಏಳುವ ಸರ್ಕಿಟುಗಳೂ ಉಂಟು. ಮೆಲುದನಿಯ ಸಂಭಾಷಣೆಯ ನಡುವೆ ಅವು ನಿದ್ರೆಹೋಗುವುದುಂಟಾದ್ದರಿಂದ ನಮಗೆ ರುಚಿಸವು.