ಫೋರ್ ಹೈ ಹಾಕಿ ಹೈವೇಗೆ ಹೊರಟವರಿಗೆ

ಮಲೆನಾಡಿನಲ್ಲಿ ಹುಟ್ಟಿ ಬೆಳೆದವರಿಗೆ ಜೀಪು ಎಂದರೆ ಶೋಕಿಯಲ್ಲ. ಅಡಿಕೆ ಮೂಟೆ, ಗೊಬ್ಬರ, ಆಸ್ಪತ್ರೆಗೆ ಹೋಗುವ ಬಸುರಿ, ಮದುವೆ ದಿಬ್ಬಣ ಎಲ್ಲವನ್ನೂ ಹೊತ್ತುಕೊಂಡು ಕೆಸರಿನಲ್ಲಿ ಗೊರಗೊರ ಎನ್ನುತ್ತಾ ಗುಡ್ಡ ಹತ್ತುವ ಗಾಡಿ ಅದು. ನಾನು ಕೊಚ್ಚಿಗೆ ಬಂದು ಇಪ್ಪತ್ತು ವರ್ಷ ದಾಟಿತು. ಇಲ್ಲಿ ಜೀಪಿಗೆ ಬೇರೆಯದೇ ಮರ್ಯಾದೆ. 2021ರಲ್ಲಿ ಮಹೀಂದ್ರ ಕಂಪನಿ ಗುರುವಾಯೂರು ದೇವಸ್ಥಾನಕ್ಕೆ ಕಾಣಿಕೆ ಕೊಟ್ಟ ಥಾರ್ ಗಾಡಿ, 2022ರ ಮರುಹರಾಜಿನಲ್ಲಿ 43 ಲಕ್ಷ ರೂಪಾಯಿಗೆ ಹೋಯಿತು. ಅಷ್ಟು ಮೋಹ! ಮೋಹದ ಬಗ್ಗೆ ನನ್ನ ತಕರಾರೇನಿಲ್ಲ. ತಕರಾರಿರುವುದು ಗೇರ್ ಲಿವರಿನ ಪಕ್ಕದಲ್ಲಿರುವ ಆ ಇನ್ನೊಂದು ಲಿವರಿನ ಬಗ್ಗೆ ಹಬ್ಬಿರುವ ತಪ್ಪು ತಿಳಿವಳಿಕೆಯ ಮೇಲೆ.

ಜೂನ್ ಬಂತೆಂದರೆ ಶುರು. "ಮಳೆ ಜೋರಾಗಿದೆ, ಫೋರ್ ವೀಲ್ ಹಾಕಿಬಿಡಿ, ಗ್ರಿಪ್ ಜಾಸ್ತಿ ಸಿಗುತ್ತೆ." ಗಾಡಿ ಮಾರುವವರು ಹೇಳುತ್ತಾರೆ, ಪಕ್ಕದ ಮನೆಯವರು ಹೇಳುತ್ತಾರೆ, ಕೊಂಡವರೂ ನಂಬುತ್ತಾರೆ. ತಿರುವನಂತಪುರದಲ್ಲಿರುವ ನಮ್ಮ ಪರಿಚಯದ ಕನ್ನಡದವರೊಬ್ಬರು ಹಾಗೇ ನಂಬಿ, ಕೊಚ್ಚಿಯಿಂದ ಆಲಪ್ಪುಳ, ಕೊಲ್ಲಂ ದಾಟಿ ಇನ್ನೂರು ಕಿಲೋಮೀಟರ್ ಪೂರ್ತಿ ಫೋರ್ ಹೈನಲ್ಲೇ ಓಡಿಸಿದರು. ಮನೆ ಹತ್ತಿರ ಗಲ್ಲಿಯಲ್ಲಿ ತಿರುಗಿಸುವಾಗ ಸ್ಟಿಯರಿಂಗ್ ಕಲ್ಲಿನಂತಾಯಿತಂತೆ, ಚಕ್ರ ಕಿರ್ರ್ ಎಂದಿತಂತೆ, ಲಿವರ್ ವಾಪಸ್ ಬರಲೇ ಇಲ್ಲವಂತೆ. "ಹೊಸಾ ಗಾಡಿ ಸ್ವಾಮಿ, ಏನೋ ಡಿಫೆಕ್ಟ್ ಇದೆ" ಎಂದರು. ಡಿಫೆಕ್ಟ್ ಏನೂ ಇರಲಿಲ್ಲ. ಗಾಡಿ ತನ್ನ ಸ್ವಭಾವದಂತೆಯೇ ನಡೆದುಕೊಂಡಿತ್ತು.

ಆ ಸ್ವಭಾವ ಏನು ಎಂದು ತಿಳಿಯಲು ಮೆಕ್ಯಾನಿಕ್ ಆಗಬೇಕಿಲ್ಲ. ಗೇರ್ ಬಾಕ್ಸಿನ ಹಿಂದೆ ಇನ್ನೊಂದು ಪೆಟ್ಟಿಗೆ ಇರುತ್ತದೆ, ಅದೇ ಟ್ರಾನ್ಸ್‌ಫರ್ ಕೇಸ್. ಟೂ ಹೈನಲ್ಲಿ ಅದು ಇಂಜಿನ್ನಿನ ಶಕ್ತಿಯನ್ನು ಹಿಂದಿನ ಚಕ್ರಗಳಿಗಷ್ಟೇ ಕಳಿಸುತ್ತದೆ. ಫೋರ್ ಹೈಗೆ ಹಾಕಿದರೆ ಮುಂದಿನ ಶಾಫ್ಟನ್ನೂ ಹಿಂದಿನ ಶಾಫ್ಟನ್ನೂ ಗಟ್ಟಿಯಾಗಿ ಒಂದಕ್ಕೊಂದು ಬೆಸೆದುಬಿಡುತ್ತದೆ. ಎರಡೂ ಒಂದೇ ವೇಗದಲ್ಲಿ ತಿರುಗಲೇಬೇಕು. ಪಾರ್ಟ್‌ಟೈಮ್ ಎಂಬ ಹೆಸರು ಬಂದದ್ದೇ ಅದಕ್ಕೆ. ದಿನಗೂಲಿಯವರ ಹಾಗೆ, ಕೆಲಸ ಇದ್ದಾಗ ಕರೆಯಬೇಕು, ಮುಗಿದ ಮೇಲೆ ಕಳಿಸಬೇಕು.

ಒಂದೇ ವೇಗದಲ್ಲಿ ತಿರುಗಿದರೆ ಕಷ್ಟವೇನು? ಲೆಕ್ಕ ಹಾಕಿ ನೋಡಿ. ಗಾಡಿ ತಿರುಗುವಾಗ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ದೊಡ್ಡ ಸುತ್ತು ಹಾಕುತ್ತವೆ. ಥಾರ್‌ನ ಮುಂದಿನ ಮತ್ತು ಹಿಂದಿನ ಆ್ಯಕ್ಸಲ್‌ಗಳ ನಡುವಿನ ದೂರ 2.45 ಮೀಟರ್. ಫೋರ್ಟ್ ಕೊಚ್ಚಿಯ ಯಾವುದೋ ಮೂಲೆಯಲ್ಲಿ ಹಿಂದಿನ ಆ್ಯಕ್ಸಲ್ 5 ಮೀಟರ್ ತ್ರಿಜ್ಯದಲ್ಲಿ ತಿರುಗಿತು ಎನ್ನಿ. ಮುಂದಿನದು ಸುಮಾರು 5.57 ಮೀಟರ್ ತ್ರಿಜ್ಯದಲ್ಲಿ ತಿರುಗಬೇಕು. ಒಂದು ಎಡ ತಿರುವಿನಲ್ಲೇ ಮುಂದಿನ ಚಕ್ರಗಳು ಸುಮಾರು 90 ಸೆಂಟಿಮೀಟರ್ ಹೆಚ್ಚು ಓಡಬೇಕು. ಆದರೆ ಶಾಫ್ಟ್ ಬೆಸೆದಿದೆ, ಓಡಲು ಬಿಡುವುದಿಲ್ಲ. ಹಾಗಾದರೆ ಆ 90 ಸೆಂಟಿಮೀಟರ್ ಎಲ್ಲಿಗೆ ಹೋಗಬೇಕು?

ಕೆಸರಾದರೆ, ಮರಳಾದರೆ, ಜಲ್ಲಿಯಾದರೆ ಯಾವುದೋ ಒಂದು ಚಕ್ರ ಚೂರು ಜಾರಿ ಆ ಬಾಕಿಯನ್ನು ತೀರಿಸಿಬಿಡುತ್ತದೆ. ಟಾರ್ ರಸ್ತೆ ಜಾರಲು ಬಿಡುವುದಿಲ್ಲ. ಒದ್ದೆಯಾದರೂ ಅದಕ್ಕೆ ಸಾಕಷ್ಟು ಹಿಡಿತ ಇದ್ದೇ ಇರುತ್ತದೆ. ಆಗ ಒತ್ತಡವೆಲ್ಲ ಶಾಫ್ಟ್, ಜಾಯಿಂಟ್, ಕ್ರೌನ್ ಪಿನಿಯನ್‌ಗಳಲ್ಲಿ ತುಂಬಿಕೊಳ್ಳುತ್ತದೆ, ಒದ್ದೆ ಬಟ್ಟೆ ಹಿಂಡಿದಂತೆ. ಲಿವರ್ ಹೊರಗೆ ಬಾರದೆ ಕಚ್ಚಿಕೊಳ್ಳುವುದು ಇದೇ ಕಾರಣಕ್ಕೆ. ನೇರ ರಸ್ತೆಯಲ್ಲೂ ಇದು ತಪ್ಪಿದ್ದಲ್ಲ. ಹಿಂದಿನ ಟೈರ್ ಸವೆದು ತ್ರಿಜ್ಯ 5 ಮಿಲಿಮೀಟರ್ ಕಡಿಮೆಯಾಗಿದ್ದರೂ ಕೊಚ್ಚಿಯಿಂದ ತಿರುವನಂತಪುರಕ್ಕೆ ಹೋಗುವಷ್ಟರಲ್ಲಿ ಮುಂದಿನ ಮತ್ತು ಹಿಂದಿನ ಚಕ್ರಗಳ ಲೆಕ್ಕದಲ್ಲಿ ಎರಡೂವರೆ ಕಿಲೋಮೀಟರ್ ವ್ಯತ್ಯಾಸ ಬರುತ್ತದೆ. ಅಷ್ಟನ್ನೂ ಟೈರ್ ಉಜ್ಜಿಯೇ ತೀರಿಸಬೇಕು.

"ಹಾಗಾದರೆ ಕೆಲವು ಗಾಡಿಗಳು ಯಾವಾಗಲೂ ಫೋರ್ ವೀಲ್‌ನಲ್ಲೇ ಓಡುತ್ತವಲ್ಲ?" ಎಂದು ಕೇಳುತ್ತೀರಿ. ಹೌದು, ಓಡುತ್ತವೆ. 1970ರ ರೇಂಜ್ ರೋವರ್, 1977ರ ರಷ್ಯಾದ ಲಾಡಾ ನಿವಾ ಇವುಗಳಲ್ಲಿ ಮುಂದಿನ ಮತ್ತು ಹಿಂದಿನ ಶಾಫ್ಟ್‌ಗಳ ಮಧ್ಯೆಯೂ ಒಂದು ಡಿಫರೆನ್ಷಿಯಲ್ ಇದೆ. ಅದು ಎರಡಕ್ಕೂ ಬೇರೆ ಬೇರೆ ವೇಗದಲ್ಲಿ ತಿರುಗಲು ಅವಕಾಶ ಕೊಡುತ್ತದೆ. ಥಾರ್, ಜಿಮ್ನಿ, ಹಳೆಯ ಜಿಪ್ಸಿ ಇವುಗಳಲ್ಲಿ ಅದು ಇಲ್ಲ. ಗೊಂದಲ ಎಷ್ಟು ಸುಲಭ ಎನ್ನುವುದಕ್ಕೆ ಫಾರ್ಚೂನರ್ ನೋಡಿ. 2009ರಲ್ಲಿ ಭಾರತಕ್ಕೆ ಬಂದ ಫಾರ್ಚೂನರ್ ಸದಾ ಫೋರ್ ವೀಲ್. 2016ರಲ್ಲಿ ಬಂದ ಹೊಸದರ ಫೋರ್ ವೀಲ್ ಮಾದರಿ ಪಾರ್ಟ್‌ಟೈಮ್. ಹೆಸರು ಅದೇ, ಹಿಂಬದಿಯ 4x4 ಅಕ್ಷರವೂ ಅದೇ, ಒಳಗಿನ ಯಂತ್ರ ಬೇರೆ. ಹಳೆಯದನ್ನು ಮಾರಿ ಹೊಸದನ್ನು ಕೊಂಡವರಿಗೆ ಯಾರಾದರೂ ಇದನ್ನು ಬಿಡಿಸಿ ಹೇಳಬೇಕಲ್ಲವೇ?

ಹಳೆಯ ಕಾಲದವರು ಈ ವಿಷಯದಲ್ಲಿ ಹೆಚ್ಚು ಜಾಗರೂಕರು. ಎರಡನೆಯ ಮಹಾಯುದ್ಧದ ವಿಲ್ಲಿಸ್ ಜೀಪಿನಲ್ಲಿ ಟ್ರಾನ್ಸ್‌ಫರ್ ಕೇಸಿಗೇ ಎರಡು ಲಿವರ್. ಒಂದು ಮುಂದಿನ ಚಕ್ರಗಳನ್ನು ಸೇರಿಸುವುದಕ್ಕೆ, ಇನ್ನೊಂದು ಹೈ-ಲೋ ಬದಲಿಸುವುದಕ್ಕೆ. ಮುಂದಿನ ಚಕ್ರಗಳನ್ನು ಸೇರಿಸದೆ ಲೋಗೆ ಹಾಕಲು ಆಗದಂತೆ ಒಳಗೆ ತಡೆ ಇಟ್ಟಿದ್ದರು, ಲೋ ಗೇರಿನ ಬಲವೆಲ್ಲ ಹಿಂದಿನ ಆ್ಯಕ್ಸಲ್ ಒಂದರ ಮೇಲೇ ಬಿದ್ದು ಮುರಿಯಬಾರದೆಂದು. ನಮ್ಮೂರಿನ ಜೀಪ್ ಡ್ರೈವರುಗಳು ಈ ಸಿದ್ಧಾಂತ ಓದಿದವರಲ್ಲ. ಆದರೂ ಕೆಸರು ಬಂದಾಗ ಇಳಿದು ಮುಂದಿನ ಹಬ್ ತಿರುಗಿಸಿ, ದಾಟಿದ ಮೇಲೆ ಮತ್ತೆ ಇಳಿದು ಬಿಚ್ಚುತ್ತಿದ್ದರು. ಆ ಶ್ರಮವೇ ಅವರಿಗೆ ಪಾಠ. ಈಗ ಕೂತಲ್ಲೇ ಲಿವರ್ ಎಳೆದರೆ ಮುಗಿಯಿತು, ಪಾಠವೂ ಮರೆತುಹೋಯಿತು.

ನನ್ನ ಚಿಂತೆ ಗಾಡಿ ಹಾಳಾಗುವುದಷ್ಟೇ ಅಲ್ಲ. ಪೊನ್ಮುಡಿಗೆ 22 ಹೇರ್‌ಪಿನ್ ತಿರುವುಗಳು. ಮಳೆಯಲ್ಲಿ, ಮಂಜಿನಲ್ಲಿ, ಮಕ್ಕಳನ್ನು ಕೂರಿಸಿಕೊಂಡು, ಫೋರ್ ಹೈ ಹಾಕಿದ್ದೇನೆ ಎಂಬ ಧೈರ್ಯದಲ್ಲಿ ಇಳಿಯುವವರಿದ್ದಾರೆ. ಬೆಸೆದ ಶಾಫ್ಟಿನ ಗಾಡಿ ಬಿಗಿ ತಿರುವಿನಲ್ಲಿ ನೆಟ್ಟಗೆ ಹೋಗಲು ನೋಡುತ್ತದೆ, ಸ್ಟಿಯರಿಂಗ್ ತಿರುಗಿಸಿದಷ್ಟು ತಿರುಗುವುದಿಲ್ಲ. ಇನ್ನು ಬ್ರೇಕ್? ಅದು ಟೂ ಹೈನಲ್ಲೂ ನಾಲ್ಕೂ ಚಕ್ರಕ್ಕೆ ಇದೆ. ಫೋರ್ ವೀಲ್ ಹಾಕಿದರೆ ಗಾಡಿ ಬೇಗ ನಿಲ್ಲುವುದಿಲ್ಲ. ಎರ್ನಾಕುಳಂ ಪೇಟೆಯಲ್ಲಿ ನೀರು ನಿಂತಾಗಲೂ ಅಷ್ಟೇ. ನೀರಿನ ಕೆಳಗಿರುವುದು ಟಾರ್ ರಸ್ತೆಯೇ. ಅಲ್ಲಿ ಕಾಪಾಡುವುದು ಗಾಡಿಯ ಎತ್ತರ, ಇಂಜಿನ್ ಗಾಳಿ ಎಳೆಯುವ ಜಾಗದ ಎತ್ತರ. ಹರಿಯುವ ನೀರಾದರೆ ಅದೂ ಇಲ್ಲ, ಎಂಥ ಗಾಡಿಯೂ ತೇಲುತ್ತದೆ.

ಫೋರ್ ವೀಲ್ ದಂಡ ಎಂದು ನಾನು ಹೇಳುತ್ತಿಲ್ಲ. ಸೂರ್ಯನೆಲ್ಲಿಯಿಂದ ಕೊಳುಕ್ಕುಮಲೆಗೆ ಹತ್ತುವ ಜೀಪು, ಮಡಿಕೇರಿಯಿಂದ ಮಾಂದಲಪಟ್ಟಿಗೆ ಹೋಗುವ ಜೀಪು ನೋಡಿದವರಿಗೆ ಅದರ ಬೆಲೆ ಗೊತ್ತು. ಲೋ ಗೇರ್ ಹಾಕಿದರೆ ವೇಗ ಸುಮಾರು ಅರ್ಧಕ್ಕೋ ಅದಕ್ಕಿಂತ ಕೆಳಕ್ಕೋ ಇಳಿಯುತ್ತದೆ, ಚಕ್ರದ ಬಲ ಅಷ್ಟೇ ಪಟ್ಟು ಏರುತ್ತದೆ. ಕಲ್ಲಿನ ಇಳಿಜಾರಿನಲ್ಲಿ ಬ್ರೇಕ್ ತುಳಿಯದೆ ಇಂಜಿನ್ನಿನ ಹಿಡಿತದಲ್ಲೇ ನಿಧಾನಕ್ಕೆ ಇಳಿಯಬಹುದು. ಘಾಟಿಯಲ್ಲಿ ಗುಡ್ಡ ಜರಿದು ರಸ್ತೆ ಮೇಲೆ ಮಣ್ಣು ಹರಡಿದ್ದರೆ ಫೋರ್ ಹೈ ಹಾಕಿ, ದಾಟಿದ ಕೂಡಲೇ ತೆಗೆಯಿರಿ. ಲಿವರ್ ಕಚ್ಚಿಕೊಂಡರೆ ಜಗ್ಗಾಡಬೇಡಿ. ನೇರವಾಗಿ ಕೆಲವು ಮೀಟರ್ ರಿವರ್ಸ್ ಬಂದರೆ ಸಾಮಾನ್ಯವಾಗಿ ಒತ್ತಡ ಬಿಟ್ಟುಕೊಳ್ಳುತ್ತದೆ. ಬಳಸದೆ ಇಡುವುದೂ ಒಳ್ಳೆಯದಲ್ಲ. ತಿಂಗಳಿಗೊಮ್ಮೆ ಮಣ್ಣಿನ ಮೈದಾನದಲ್ಲಿ ಸ್ವಲ್ಪ ದೂರ ಓಡಿಸಿದರೆ ಒಳಗಿನ ಎಣ್ಣೆ ಎಲ್ಲ ಕಡೆ ಹರಿಯುತ್ತದೆ.

ಇಷ್ಟೆಲ್ಲ ಗಾಡಿಯ ಜೊತೆ ಬರುವ ಪುಸ್ತಕದಲ್ಲಿ ಇರುತ್ತದೆ ಎನ್ನಬಹುದು. ಇರುತ್ತದೆ, ಇಂಗ್ಲಿಷಿನಲ್ಲಿ, ಎಷ್ಟನೆಯದೋ ಪುಟದಲ್ಲಿ. ಹತ್ತು ಹದಿನೈದು ಲಕ್ಷ ತೆಗೆದುಕೊಳ್ಳುವವರು ಕೀಲಿ ಕೊಡುವ ದಿನ ಹಾರ ಹಾಕಿ, ಕೇಕ್ ಕತ್ತರಿಸಿ, ಫೋಟೋ ತೆಗೆಯುತ್ತಾರೆ. ಆ ಹೊತ್ತಿನಲ್ಲಿ ಹತ್ತು ನಿಮಿಷ ಮಣ್ಣಿನ ನೆಲದಲ್ಲಿ ಈ ಲಿವರ್ ಹಾಕಿ ತೆಗೆದು ತೋರಿಸಬಾರದೇ? "ಗಟ್ಟಿ ರಸ್ತೆಯಲ್ಲಿ ಬೇಡ" ಎಂದು ಮಲಯಾಳದಲ್ಲೋ ಕನ್ನಡದಲ್ಲೋ ಒಂದು ಚೀಟಿ ಅಂಟಿಸಲು ಎಷ್ಟು ಖರ್ಚು? ಅವರು ಮಾಡುವವರೆಗೆ ಕೊಳ್ಳುವ ನಾವೇ ಕೇಳೋಣ. "ಇದರಲ್ಲಿ ನಡುವಿನ ಡಿಫರೆನ್ಷಿಯಲ್ ಇದೆಯೋ ಇಲ್ಲವೋ?" ಉತ್ತರಿಸಲು ತಡಬಡಿಸಿದರೆ, ಅವರ ಬಾಯಿಂದ ಬರುವ ಮಳೆಗಾಲದ ಸಲಹೆಯನ್ನೂ ಅಲ್ಲೇ ಬಿಟ್ಟು ಬನ್ನಿ.